ಸುಂಕದ ಕಟ್ಟೆಯಿಂದ ವಾಹನ ನಿಲುಗಡೆಯವರೆಗೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಹೇರು ಹೊತ್ತ ಎತ್ತಿನೊಂದಿಗೆ ಕಟ್ಟೆಯ ಬಳಿ ಬಂದವನು ಮಳೆ ಕೈಕೊಟ್ಟಿತು, ಎತ್ತು ಕುಂಟುತ್ತಿದೆ, ಮನೆಯಲ್ಲಿ ಮದುವೆಯಿದೆ ಎಂದೆಲ್ಲ ಹೇಳುತ್ತಾನೆ. ಸುಂಕದವನು ಎಲ್ಲವನ್ನೂ ಕೇಳಿ, ಕೊನೆಗೆ ಕೈ ಚಾಚುತ್ತಾನೆ. ಗಾದೆಯ ವ್ಯಂಗ್ಯ ಇರುವುದು ಅಲ್ಲಿ. ಆದರೆ ಅದರೊಳಗೆ ಇನ್ನೊಂದು ಸಂಗತಿಯೂ ಅಡಗಿದೆ. ಕಟ್ಟೆಯಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ. ಹಾದು ಹೋಗುವವನ ಬಳಿ ಏನಿದೆಯೋ ಅದರಲ್ಲೇ ತನ್ನ ಪಾಲನ್ನು ತೆಗೆದುಕೊಳ್ಳುತ್ತಿದ್ದ.

ಈಗಿನ ಸುಂಕದ ಕಟ್ಟೆಗಳಲ್ಲೊಂದು ವಾಹನ ನಿಲುಗಡೆಯ ಜಾಗ. ದೊಡ್ಡ ಊರುಗಳ ಆಸ್ಪತ್ರೆ, ಮಾರುಕಟ್ಟೆ, ವಿಮಾನ ನಿಲ್ದಾಣಗಳಲ್ಲಿ ಕಾರು ನಿಲ್ಲಿಸಿ ಹೊರಡುವಾಗ ಶುಲ್ಕ ಕೊಡಬೇಕು. ಅದನ್ನು ನೋಟಿನಲ್ಲಿ ಕೊಡಬಹುದೇ, ಬ್ಯಾಂಕಿನ ಕಾರ್ಡಿನಲ್ಲಿ ಕೊಡಬಹುದೇ, ಮೊಬೈಲ್ ಫೋನಿನಿಂದ ಮಾತ್ರವೇ ಕೊಡಬೇಕೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಹಲವು ದೇಶಗಳಲ್ಲಿ ವಾದವಿವಾದಕ್ಕೆ ವಸ್ತುವಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳವರಿಗೆ ಇದು ದೂರದ ಮಾತೆನಿಸಬಹುದು. ಇಂಥ ಊರುಗಳಲ್ಲಿ ವಾಹನ ನಿಲುಗಡೆಯೆಂದರೆ ಸಾಮಾನ್ಯವಾಗಿ ರಸ್ತೆಯ ಬದಿ. ಶುಲ್ಕವೆಂದರೆ ಜಾತ್ರೆಯ ಬಯಲಲ್ಲೋ ಬಸ್ ನಿಲ್ದಾಣದ ಸ್ಟ್ಯಾಂಡಿನಲ್ಲೋ ರಸೀದಿ ಪುಸ್ತಕ ಹಿಡಿದು ನಿಂತ ಹುಡುಗ. ಆದರೆ ಈ ಊರುಗಳ ಜನ ಆಸ್ಪತ್ರೆಗೆ, ಕೋರ್ಟಿಗೆ, ಅಡಿಕೆ ವ್ಯಾಪಾರಕ್ಕೆ ದಾವಣಗೆರೆ, ಶಿವಮೊಗ್ಗ, ಬೆಂಗಳೂರುಗಳಿಗೆ ಹೋಗುವವರೇ. ಅಲ್ಲಿಯ ಪದ್ಧತಿ ನಾಳೆ ತಾಲ್ಲೂಕು ಕೇಂದ್ರಕ್ಕೂ ಬಂದೀತು. ಆದ್ದರಿಂದ ದಾರಿಯಲ್ಲಿ ಹಾಯುವವನಿಂದ, ತಂಗುವವನಿಂದ ಹಣ ಪಡೆಯುವ ವಾಡಿಕೆ ನಮ್ಮಲ್ಲಿ ಹೇಗೆ ಬೆಳೆಯಿತೆಂದು ನೋಡುವುದು ಉಚಿತ.

ಸುಂಕವೇ ಶುಲ್ಕ

ನಿಲುಗಡೆಯ ಫಲಕದ ಮೇಲಿನ 'ಶುಲ್ಕ' ಹಾಗೂ ಗಾದೆಯೊಳಗಿನ 'ಸುಂಕ' ಬೇರೆ ಬೇರೆ ಪದಗಳಲ್ಲ. ಸಂಸ್ಕೃತದ ಶುಲ್ಕವೇ ತದ್ಭವವಾಗಿ ಸುಂಕವಾಯಿತು. ಇನ್ನು 'ಹಣ' ಎಂಬ ಮಾತನ್ನು ನೋಡಿ. ಇಂದು ನಾವು ಅದನ್ನು ಎಲ್ಲ ಬಗೆಯ ದುಡ್ಡಿಗೂ ಬಳಸುತ್ತೇವೆ. ಮೂಲದಲ್ಲಿ ಅದು 'ಪಣ' ಎಂಬ ಒಂದು ನಾಣ್ಯದ ಹೆಸರು. ಅದರ ನಾಲ್ಕನೆಯ ಒಂದು ಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. 'ಹೊನ್ನು' ಕೂಡ ಲೋಹವೂ ಹೌದು, ನಾಣ್ಯವೂ ಹೌದು. ಹೊನ್ನಾಳಿಯಂತೂ ಆ ಪದವನ್ನು ಊರ ಹೆಸರಿನಲ್ಲೇ ಇಟ್ಟುಕೊಂಡಿದೆ. ಅಂದರೆ ಕನ್ನಡದಲ್ಲಿ ದುಡ್ಡಿನ ಕಲ್ಪನೆ ಮೊದಲಿನಿಂದಲೂ ಕೈಯಲ್ಲಿ ಹಿಡಿಯಬಹುದಾದ, ಇನ್ನೊಬ್ಬರ ಅಂಗೈಗೆ ಇಡಬಹುದಾದ ವಸ್ತುವಿಗೆ ಅಂಟಿಕೊಂಡೇ ಬಂದಿದೆ.

ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟ 1902ರಲ್ಲಿ ಹೊರಬಂತು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹೊನ್ನಾಳಿ ಸೀಮೆಗೆ ನೆರೆಯಲ್ಲೇ ಇರುವ ಬಳ್ಳಿಗಾವೆ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಬನವಾಸಿ ನಾಡಿನ ರಾಜಧಾನಿ, ದೊಡ್ಡ ವ್ಯಾಪಾರ ಕೇಂದ್ರ. ಆ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕೆಲವನ್ನು ಗದ್ಯಾಣ, ಪಣಗಳ ಲೆಕ್ಕದಲ್ಲಿ ಹೇಳಿದೆ. ಜೊತೆಗೆ ದೇವಾಲಯಗಳಿಗೆ ವರ್ತಕರು ಬಿಟ್ಟುಕೊಟ್ಟ ಆಯಗಳೂ ಇವೆ: ವೀಳ್ಯದೆಲೆಯ ಹೇರಿಗೆ ಇಷ್ಟು ಎಲೆ, ಅಡಿಕೆಯ ಹೇರಿಗೆ ಇಷ್ಟು ಅಡಿಕೆ, ಗಾಣಕ್ಕೆ ಇಷ್ಟು ಎಣ್ಣೆ. ನಾಣ್ಯವಿದ್ದವನು ನಾಣ್ಯ ಕೊಟ್ಟ, ಸರಕಿದ್ದವನು ಸರಕಿನಲ್ಲೇ ಒಂದು ಪಾಲು ಕೊಟ್ಟ. ಕೊಡುವ ಬಗೆ ಒಂದೇ ಆಗಿರಬೇಕೆಂದು ಯಾರೂ ಹಟ ಹಿಡಿಯಲಿಲ್ಲ; ಹಿಡಿದಿದ್ದರೆ ಸಂತೆಯೇ ನಿಲ್ಲುತ್ತಿತ್ತು. ಅದೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರನೂ ಇದ್ದ. ಸುಂಕದ ಕಾಯಕ ಸಮಾಜದ ಕಣ್ಣಿಗೆ ಎಷ್ಟು ಪರಿಚಿತವಾಗಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ.

ವಟ್ಟದ ಕಾಟ

ಹಾಗೆಂದು ಹಳೆಯ ಕಾಲವೆಲ್ಲ ಸುಖದ ಕಾಲವೆಂದು ಭಾವಿಸಬೇಕಿಲ್ಲ. ನಾಣ್ಯಗಳು ಹೆಚ್ಚಿದಂತೆ ಅವುಗಳ ತೊಡಕೂ ಹೆಚ್ಚಿತು. ಚನ್ನಗಿರಿಯ ಹೆಸರನ್ನು ಕೆಳದಿಯ ರಾಣಿ ಚನ್ನಮ್ಮನೊಂದಿಗೆ ಜೋಡಿಸಿ ಹೇಳುವುದು ವಾಡಿಕೆ. ಕೆಳದಿಯ ಅರಸರು ಟಂಕಿಸಿದ ಇಕ್ಕೇರಿ ವರಹ ಮಲೆನಾಡಿನಲ್ಲೂ ಕರಾವಳಿಯಲ್ಲೂ ಹೆಸರಾದ ನಾಣ್ಯ. ಮೈಸೂರಿನ ಕಂಠೀರವ ಹಣ ಇನ್ನೊಂದು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ ಮೇಲೆ ಅವನ ನಾಣ್ಯಗಳು ಬಂದವು. ಟಿಪ್ಪುವಿನ ಕಾಲದಲ್ಲಿ ಇನ್ನಷ್ಟು ಸೇರಿದವು. 1800-01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ನಾಣ್ಯಗಳ ಬೆಲೆಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಇಷ್ಟು ಬಗೆಯ ನಾಣ್ಯಗಳು ಒಟ್ಟಿಗೆ ಚಲಾವಣೆಯಲ್ಲಿದ್ದಾಗ ಅವುಗಳ ತೂಕ, ಅಪ್ಪಟತನಗಳನ್ನು ಬಲ್ಲವನು ಚಿನಿವಾರನೊಬ್ಬನೇ. ಅವನು ಒಂದು ನಾಣ್ಯಕ್ಕೆ ಇನ್ನೊಂದನ್ನು ಬದಲಿಸಿಕೊಡುವಾಗ ಮುರಿದುಕೊಳ್ಳುತ್ತಿದ್ದ ಪಾಲಿಗೆ 'ವಟ್ಟ' ಎಂದು ಹೆಸರು.

ವಟ್ಟದ ನಿಜವಾದ ಹೊರೆ ಯಾರ ಮೇಲೆ? ಹತ್ತು ನಾಣ್ಯ ಬಲ್ಲ ವರ್ತಕನ ಮೇಲಲ್ಲ; ಒಂದೇ ಒಂದು ನಾಣ್ಯ ಕೈಯಲ್ಲಿದ್ದು, ಅದು ಇಲ್ಲಿ ನಡೆಯದೆಂದು ಹೇಳಿಸಿಕೊಂಡ ಬಡವನ ಮೇಲೆ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ತೂಕದ ರೂಪಾಯಿಯನ್ನು ಗೊತ್ತುಪಡಿಸಿತು. ಕಾಲಕ್ರಮದಲ್ಲಿ ಆ ರೂಪಾಯಿ ಸಂಸ್ಥಾನಗಳಲ್ಲೂ ನೆಲೆಯೂರಿತು. ಕಂಪನಿ ಇದನ್ನು ತನ್ನ ಅನುಕೂಲಕ್ಕಾಗಿಯೇ ಮಾಡಿತೆಂಬುದು ನಿಜ. ಆದರೂ ಯಾರ ಕೈಯಿಂದ ಬಂದರೂ ಅದೇ ಬೆಲೆ, ಯಾವ ಕಟ್ಟೆಯಲ್ಲಾದರೂ ಅದೇ ಮಾನ್ಯತೆ ಎಂಬ ಗುಣ ಸಾಮಾನ್ಯನಿಗೆ ಸಿಕ್ಕಿತು. ನಗದಿನ ದೊಡ್ಡ ಗುಣ ಇದೇ. ಕೊಡುವವನು ಯಾರೆಂದು ಅದು ಕೇಳುವುದಿಲ್ಲ.

ನಗರ ಸೀಮೆಯ ಪಾಠ

ಸುಂಕದ ಇತಿಹಾಸದಲ್ಲಿ ಹೊನ್ನಾಳಿಯ ಕಡೆಯವರಿಗೆ ಮರೆಯಲಾಗದ ಅಧ್ಯಾಯ 1830-31ರ ನಗರ ದಂಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 'ಶರ್ತು' ಪದ್ಧತಿ ರೂಢಿಗೆ ಬಂದಿತ್ತು. ಅಮಲ್ದಾರನು ಸರ್ಕಾರಕ್ಕೆ ಇಷ್ಟು ಹಣ ಕಟ್ಟುವೆನೆಂದು ಮೊದಲೇ ಶರ್ತು ಬರೆದುಕೊಡಬೇಕು. ಕಡಿಮೆ ಬಿದ್ದರೆ ತುಂಬಿಕೊಡುವ ಹೊಣೆ ಅವನದು. ಅವನು ಅದನ್ನು ಯಾರಿಂದ, ಹೇಗೆ ಎತ್ತುವನೆಂದು ನೋಡುವವರು ಕಡಿಮೆ. ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಬೂದಿ ಬಸಪ್ಪನೆಂಬವನು ನಗರದ ಗಾದಿಗೆ ತಾನೇ ಹಕ್ಕುದಾರನೆಂದು ಮುಂದೆ ಬಂದ. ಹೊನ್ನಾಳಿ ಆ ಹೋರಾಟದ ಮುಖ್ಯ ನೆಲೆಗಳಲ್ಲೊಂದಾಗಿ ರಕ್ತ ಕಂಡಿತು. ಈ ದಂಗೆಯನ್ನೇ ಕಾರಣವಾಗಿ ಹೇಳಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು.

ಬಳಿಕ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವೆಂದು ಮೈಸೂರು ಗೆಜೆಟಿಯರು ದಾಖಲಿಸಿದೆ. ಅವುಗಳಲ್ಲಿ ಮದುವೆಯ ಮೇಲಿನದು, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟಿದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಎಂದು ಹಾಕಿದವೂ ಇದ್ದವು. ನಗರದ ಒಂದು ಗೊತ್ತಾದ ಜಾಗವನ್ನು ಕೈಗಳನ್ನು ಮೈಗೆ ಒತ್ತಿಕೊಳ್ಳದೆ ಹಾದುಹೋದವನೂ ತೆರಿಗೆ ಕೊಡಬೇಕಿತ್ತಂತೆ! ಇಂದು ನಗು ತರಿಸುವ ಈ ಸಂಗತಿಯಲ್ಲಿ ಒಂದು ತಿಳಿವಳಿಕೆಯಿದೆ. ವಸೂಲಿಯ ನಿಯಮವನ್ನು ಮಾಡುವವನೂ ಹಣ ಎತ್ತುವವನೂ ಒಂದಾಗಿ, ಕೊಡುವವನ ಅನುಕೂಲ ಕೇಳುವವರೇ ಇಲ್ಲವಾದಾಗ, ಎಂಥ ವಿಚಿತ್ರ ಷರತ್ತೂ ಸಹಜವೆಂಬಂತೆ ನಿಂತುಬಿಡುತ್ತದೆ.

ನಾಣ್ಯ ನುಂಗುವ ಕಂಬ

ವಾಹನ ನಿಲ್ಲಿಸಿದ್ದಕ್ಕೆ ಯಂತ್ರದ ಮೂಲಕ ಹಣ ಪಡೆಯುವುದು ಅಮೆರಿಕದಲ್ಲಿ ಆರಂಭವಾಯಿತು. 1935ರ ಜುಲೈ 16ರಂದು ಒಕ್ಲಹಾಮಾ ಸಿಟಿಯ ರಸ್ತೆಯ ಬದಿಯಲ್ಲಿ ಮೊದಲ ಪಾರ್ಕಿಂಗ್ ಮೀಟರು ನಿಂತಿತು. ಐದು ಸೆಂಟಿನ ನಿಕಲ್ ನಾಣ್ಯವನ್ನು ಅದರ ಬಾಯಿಗೆ ಹಾಕಿದರೆ ಗಂಟೆಯ ಲೆಕ್ಕ ಶುರು. ಯಾರ ಜೇಬಿನಲ್ಲಾದರೂ ಇರುವ ಚಿಲ್ಲರೆ ನಾಣ್ಯವನ್ನೇ ನೋಡಿಕೊಂಡು ಆ ಯಂತ್ರವನ್ನು ಮಾಡಿದ್ದರು ಎಂಬುದು ಗಮನಿಸಬೇಕಾದ ಮಾತು. ನಿಲುಗಡೆಯ ಶುಲ್ಕ ಹುಟ್ಟಿದ್ದೇ ಚಿಲ್ಲರೆಯೊಂದಿಗೆ.

ನಮ್ಮಲ್ಲಿ ಊರ ಬಾಗಿಲಲ್ಲೇ ಪುರಸಭೆಯ ಆಕ್ಟ್ರಾಯ್ ನಾಕಾ ಇರುತ್ತಿತ್ತು. ಬೆಂಗಳೂರಿನ ಸುಂಕದಕಟ್ಟೆಯಂಥ ಹೆಸರುಗಳು ಇನ್ನೂ ಹಳೆಯ ಕಾಲದ ನೆನಪು. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಯಿತು. ಸಂತೆಯ ಸುಂಕ, ಬಸ್ ನಿಲ್ದಾಣದ ಶುಲ್ಕ, ವಾಹನ ನಿಲುಗಡೆಯ ಶುಲ್ಕಗಳು ಮಾತ್ರ ಉಳಿದವು. ಇವುಗಳ ವಸೂಲಿಯನ್ನು ಸ್ಥಳೀಯ ಸಂಸ್ಥೆಗಳು ಹರಾಜು ಹಾಕಿ ಗುತ್ತಿಗೆ ಕೊಡುವುದು ಇಂದಿಗೂ ರೂಢಿ. ಪತ್ರಿಕೆಗಳ ಪ್ರಕಟಣೆಯ ಅಂಕಣದಲ್ಲಿ ಅಂಥ ಹರಾಜಿನ ಸುದ್ದಿಯನ್ನು ಓದುಗರು ಕಂಡೇ ಇರುತ್ತಾರೆ.

ಅಂಗಡಿಗೂ ಇಂಥ ಜಾಗಕ್ಕೂ ಒಂದು ವ್ಯತ್ಯಾಸವಿದೆ. ಅಂಗಡಿಯವನು ನಿಮ್ಮ ನೋಟನ್ನು ಬೇಡವೆಂದರೆ ಪಕ್ಕದ ಅಂಗಡಿಗೆ ಹೋಗಬಹುದು. ನಿಲುಗಡೆಯಲ್ಲಿ ಹಾಗಲ್ಲ. ಕಾರು ಒಳಗೆ ಹೋಗಿಯಾಗಿದೆ, ಗಂಟೆಗಳು ಕಳೆದಿವೆ, ಮುಂದೆ ಅಡ್ಡಗಟ್ಟಿಗೆ, ಹಿಂದೆ ಹಾರ್ನ್ ಬಾರಿಸುವ ಸಾಲು. ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಬಂದವನು ಅಲ್ಲಿ ಚೌಕಾಶಿ ಮಾಡಲಾರ, ತಿರುಗಿ ಹೋಗಲಾರ. ಹಳೆಯ ಸುಂಕದ ಕಟ್ಟೆಯ ಗುಣ ಇದೇ. ದಾರಿಯೊಂದೇ ಇರುವಲ್ಲಿ ಹಣ ಕೊಡುವ ಬಗೆಯೂ ಒಂದೇ ಆದರೆ, ಆ ಬಗೆ ಇಲ್ಲದವನು ಸಿಕ್ಕಿಬೀಳುತ್ತಾನೆ.

ನಗದು ಮಾಯವಾದ ದಿನಗಳು

ಒಂದೇ ಬಗೆಯನ್ನು ನೆಚ್ಚಿದರೆ ಏನಾಗುವುದೆಂಬುದನ್ನು 2016ರ ನವೆಂಬರ್ ತೋರಿಸಿಕೊಟ್ಟಿತು. 8ನೆಯ ತಾರೀಖಿನ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಬೆಲೆಯಲ್ಲಿ ಶೇ 86ರಷ್ಟು ಒಮ್ಮೆಲೇ ನಿಂತುಹೋಯಿತು. ಹೆದ್ದಾರಿಗಳ ಟೋಲ್ ಕಟ್ಟೆಗಳಲ್ಲಿ ಚಿಲ್ಲರೆಗಾಗಿ ಮೈಲುಗಟ್ಟಲೆ ಸಾಲು. ಕೊನೆಗೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಡಿಸೆಂಬರ್ 2ರ ಮಧ್ಯರಾತ್ರಿಯವರೆಗೆ ಟೋಲ್ ವಸೂಲಿಯನ್ನೇ ನಿಲ್ಲಿಸಬೇಕಾಯಿತು. ವಿಮಾನ ನಿಲ್ದಾಣಗಳಲ್ಲಿ ವಾಹನ ನಿಲುಗಡೆಯ ಶುಲ್ಕವನ್ನೂ ನವೆಂಬರ್ 28ರವರೆಗೆ ಮನ್ನಾ ಮಾಡಿದರು. ನಗದನ್ನೇ ನೆಚ್ಚಿದ್ದ ಕಟ್ಟೆ ನಗದಿಲ್ಲದೆ ನಿಂತಿತು. ಕಾರ್ಡು ಅಥವಾ ಬೇರೆ ದಾರಿ ಆಗ ಎಲ್ಲೆಡೆ ಇದ್ದಿದ್ದರೆ ಅಷ್ಟು ಪಾಡು ಇರುತ್ತಿರಲಿಲ್ಲ.

ಆ ಅನುಭವದ ಬಳಿಕ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಿತು. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅದಿಲ್ಲದ ವಾಹನಕ್ಕೆ ಎರಡು ಪಟ್ಟು ಟೋಲ್. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಯುಪಿಐ ಮೂಲಕ ಕೊಡುವವರಿಗೆ ಒಂದೂಕಾಲು ಪಟ್ಟು, ನಗದು ಕೊಡುವವರಿಗೆ ಎರಡು ಪಟ್ಟು ಎಂದು ಗೊತ್ತುಪಡಿಸಲಾಯಿತು. ದಾವಣಗೆರೆಯನ್ನು ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಪ್ರಯಾಣಿಕರಿಗೂ ಆಗ ಇದೇ ನಿಯಮ ಅನ್ವಯಿಸಿತು. ಸಾಲು ಕರಗಿಸುವ ಉದ್ದೇಶ ಸರಿಯಾದುದೇ. ಹೆದ್ದಾರಿಯಲ್ಲಿ ವೇಗ ಮುಖ್ಯ. ಆದರೆ ಹಳೆಯ ಚಿನಿವಾರನ ವಟ್ಟ ಮತ್ತೆ ಬಂದಿದೆಯೆಂದು ಇತಿಹಾಸ ಬಲ್ಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಈ ಬಾರಿ ವಟ್ಟ ಬಿದ್ದದ್ದು ದೇಶದ ಅಧಿಕೃತ ನೋಟಿನ ಮೇಲೆಯೇ.

ಗಂಟೆಗಟ್ಟಲೆ ಕಾರು ನಿಂತಿರುವ ನಿಲುಗಡೆಯ ಜಾಗಕ್ಕೆ ಹೆದ್ದಾರಿಯ ಈ ತರ್ಕ ಅಷ್ಟಾಗಿ ಒಪ್ಪುವುದಿಲ್ಲ. ಅಲ್ಲಿ ಅರ್ಧ ನಿಮಿಷ ಹೆಚ್ಚಾದರೆ ಹೋಗುವುದೇನೂ ಇಲ್ಲ.

ನಗದಿನ ಕುಂದು, ಫೋನಿನ ಕುಂದು

ನಗದಿನ ಪರವಾಗಿ ಮಾತಾಡುವವರು ಅದರ ಕುಂದುಗಳನ್ನೂ ಒಪ್ಪಬೇಕು. ರಸೀದಿ ಕೊಡದೆ ಹಣ ಪಡೆಯುವುದು, ಫಲಕದಲ್ಲಿ ಹತ್ತು ಎಂದಿದ್ದರೆ ಇಪ್ಪತ್ತು ಕೇಳುವುದು, ಚಿಲ್ಲರೆ ಇಲ್ಲವೆಂದು ಉಳಿಸಿಕೊಳ್ಳುವುದು ಯಾರಿಗೂ ಹೊಸ ಅನುಭವವಲ್ಲ. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ವಾಡಿಕೆ ಚಿಲ್ಲರೆಯ ಬರಗಾಲದಿಂದಲೇ ಹುಟ್ಟಿದ್ದು. ಹತ್ತು ರೂಪಾಯಿಯ ನಾಣ್ಯದ ಕಥೆ ಇನ್ನೂ ವಿಚಿತ್ರ. ಅದು ನಡೆಯುವುದಿಲ್ಲವೆಂಬ ಗಾಳಿಸುದ್ದಿ ಕರ್ನಾಟಕದ ಊರೂರುಗಳಲ್ಲಿ ಹಬ್ಬಿತು. ಹದಿನಾಲ್ಕು ವಿನ್ಯಾಸಗಳಲ್ಲಿ ಬಂದ ನಾಣ್ಯಗಳೆಲ್ಲವೂ ಊರ್ಜಿತವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದ ಮೇಲೂ ಅನೇಕರು ಅದನ್ನು ಮುಟ್ಟಲಿಲ್ಲ. ಫೋನಿನಲ್ಲಿ ಅಥವಾ ಕಾರ್ಡಿನಲ್ಲಿ ಕೊಟ್ಟರೆ ಪೈಸೆಯವರೆಗೆ ಲೆಕ್ಕ ಸರಿ. ಗುತ್ತಿಗೆದಾರ ಎಷ್ಟು ಎತ್ತಿದನೆಂಬುದೂ ದಾಖಲೆಯಲ್ಲಿ ಉಳಿಯುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಫೋನಿಗೂ ತನ್ನದೇ ಕುಂದುಗಳಿವೆ. ಅದಕ್ಕೆ ಚಾರ್ಜು ಬೇಕು, ಸಿಗ್ನಲ್ ಬೇಕು, ಬ್ಯಾಂಕ್ ಖಾತೆ ಬೇಕು, ಸಣ್ಣ ಅಕ್ಷರ ಓದುವ ಕಣ್ಣು ಬೇಕು. 2025ರ ಮಾರ್ಚ್ 26ರಂದು ಹಾಗೂ ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆ ದೇಶದಾದ್ಯಂತ ತೊಡಕಿಗೆ ಸಿಲುಕಿದಾಗ ಜೇಬಿನಲ್ಲಿ ನೋಟಿದ್ದವನೇ ಧನ್ಯ. ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಯುಪಿಐ ವ್ಯವಹಾರಗಳ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಬೆಂಗಳೂರಿನ ಅನೇಕ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಅಂಟಿಕೊಂಡವು. ಆಗ ಪೇಚಾಡಿದವರು ನೋಟಿಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟಿದ್ದ ಯುವಕರು. ಒಂದು ಬಾಗಿಲು ಮುಚ್ಚಿದರೆ ಸಿಕ್ಕಿಕೊಳ್ಳುವವರು ಯಾವಾಗಲೂ ವೃದ್ಧರೇ, ಹಳ್ಳಿಯವರೇ ಆಗಬೇಕಿಲ್ಲ.

ಈ ಎರಡರ ನಡುವೆ ಕಾರ್ಡು ಮರೆತುಹೋಗುತ್ತಿದೆ. 2014ರ ಜನಧನ ಯೋಜನೆಯಿಂದಾಗಿ ರುಪೇ ಕಾರ್ಡು ಹಳ್ಳಿಯ ಮನೆಗಳಿಗೂ ತಲುಪಿತು. ಅದನ್ನು ಬಳಸುವವನ ಬಳಿ ಫೋನ್ ಇರಲೇಬೇಕೆಂದಿಲ್ಲ. ಯಂತ್ರ ಇರಬೇಕಾದದ್ದು ಹಣ ಪಡೆಯುವವನ ಬಳಿ. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ವ್ಯಾಪಾರಿಯ ಮೇಲಿನ ವಹಿವಾಟು ಶುಲ್ಕವನ್ನು ತೆಗೆದುಹಾಕಲಾಯಿತು.

ಬೇರೆಡೆ ಏನಾಯಿತು

ಬ್ರಿಟನ್ನಿನಲ್ಲಿ ಹಲವು ನಗರಾಡಳಿತಗಳು ನಾಣ್ಯದ ಯಂತ್ರಗಳನ್ನು ಕಿತ್ತು, ಮೊಬೈಲ್ ಆ್ಯಪ್ ಮೂಲಕ ಮಾತ್ರ ನಿಲುಗಡೆಯ ಶುಲ್ಕ ಪಡೆಯತೊಡಗಿದವು. ವೃದ್ಧರು ಪೇಟೆಗೆ ಬರುವುದನ್ನೇ ಬಿಡುವಂತಾಗಿದೆಯೆಂದು ಪತ್ರಿಕೆಗಳು ಕೂಗೆಬ್ಬಿಸಿದವು. 2023ರಲ್ಲಿ ಆಗಿನ ಸಚಿವ ಮೈಕೇಲ್ ಗೋವ್ ಅವರು ಸ್ಮಾರ್ಟ್‌ಫೋನ್ ಇಲ್ಲದವರನ್ನು ಹೊರಗಿಡಬಾರದೆಂದು ನಗರಾಡಳಿತಗಳಿಗೆ ಪತ್ರ ಬರೆದರು. ಅಮೆರಿಕದ ಫಿಲಡೆಲ್ಫಿಯಾ ನಗರ 2019ರಲ್ಲಿ, ನಗದು ಬೇಡವೆನ್ನುವ ಅಂಗಡಿಗಳನ್ನು ನಿಷೇಧಿಸಿತು. ನಗದಿನ ಬಳಕೆ ಅತ್ಯಂತ ಕಡಿಮೆಯಿರುವ ದೇಶಗಳಲ್ಲೊಂದಾದ ನಾರ್ವೆ ಕೂಡ ನಗದು ಕೊಡುವ ಗಿರಾಕಿಯ ಹಕ್ಕನ್ನು 2024ರ ಅಕ್ಟೋಬರ್‌ನಿಂದ ಬಲಪಡಿಸಿತು. ಬಹಳ ಮುಂದೆ ಹೋದವರು ತುಸು ನಿಂತು ಹಿಂದೆ ನೋಡುತ್ತಿದ್ದಾರೆ.

ನಮ್ಮಲ್ಲಿ 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೆಯ ಕಲಮು ನೋಟನ್ನು ದೇಶದ ಯಾವ ಭಾಗದಲ್ಲಾದರೂ ಸಲ್ಲುವ ಹಣವೆಂದು ಸಾರಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಸಾವಿರ ರೂಪಾಯಿಯ ಮೊತ್ತದವರೆಗೆ ಸಲ್ಲುತ್ತವೆ. ಆದರೆ ಕಾನೂನು ನೋಟಿಗೆ ಬೆಲೆ ಕೊಡಬಲ್ಲದು. ಅದನ್ನು ತೆಗೆದುಕೊಳ್ಳಲು ಗೇಟಿನ ಬಳಿ ಒಂದು ಕೈ ಇರಬೇಕಲ್ಲ!

ಆ ಕೈಯನ್ನು ಇರಿಸುವುದು ದೊಡ್ಡ ಖರ್ಚಿನ ಮಾತಲ್ಲ. ಒಳಗೆ ಹೋಗುವ ಮೊದಲೇ ಕಾಣುವಂತೆ ದರವನ್ನೂ ಹಣ ಕೊಡುವ ಬಗೆಗಳನ್ನೂ ಬರೆದ ಕನ್ನಡ ಫಲಕ. ನಗದು, ಕಾರ್ಡು, ಫೋನು ಮೂರಕ್ಕೂ ಒಂದೇ ದರ. ಯಾವ ಬಗೆಯಲ್ಲಿ ಕೊಟ್ಟರೂ ಅಚ್ಚಾದ ರಸೀದಿ. ಒಂದು ಕಿಂಡಿಯಲ್ಲಾದರೂ ಒಬ್ಬ ಮನುಷ್ಯ. ಇವನ್ನು ಹೊಸ ಶಾಸನವಿಲ್ಲದೆಯೂ ತರಬಹುದು. ಸಾರ್ವಜನಿಕ ಜಾಗದ ಗುತ್ತಿಗೆಯನ್ನು ಹರಾಜು ಹಾಕುವಾಗ ಷರತ್ತುಗಳ ಪಟ್ಟಿಯಲ್ಲಿ ಇನ್ನೆರಡು ಸಾಲು ಸೇರಿಸಿದರೆ ಸಾಕು. ನಗರ ಸೀಮೆಯ ರೈತರನ್ನು ಹಣ್ಣು ಮಾಡಿದ 'ಶರ್ತು' ಹಾಗೂ ಇಂದಿನ ಹರಾಜಿನ 'ಷರತ್ತು' ಒಂದೇ ಪದ. ಅಂದು ಅದನ್ನು ಬರೆದುಕೊಂಡವರು ವಸೂಲಿ ಮಾಡುವವರ ಕಡೆಯವರು. ಕೊಡುವವರ ಪರವಾಗಿ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಈಗ ಅದನ್ನು ಬರೆಯುವುದು ಜನರೇ ಆರಿಸಿದ ಪುರಸಭೆ, ಪಟ್ಟಣ ಪಂಚಾಯಿತಿಗಳು. ಆ ಸಾಲನ್ನು ಕೇಳಿ ಬರೆಸಿಕೊಳ್ಳುವುದು ಊರಿನವರಿಗೆ ಬಿಟ್ಟದ್ದು.